ಒಂದೇ ಹೃದಯ, ಎರಡು ಲೆಕ್ಕ

ಸೈಕಲ್ ಮೇಲೆ ಆರು ಕಿಲೋಮೀಟರ್ ಹಾಯಾಗಿ ಬರುವ ಮಕ್ಕಳು ಮೈದಾನದಲ್ಲಿ ಎರಡು ಸುತ್ತು ಓಡುವಷ್ಟರಲ್ಲಿ ಏದುಸಿರು ಬಿಡುವುದೇಕೆ? ಎದೆಬಡಿತ, ಉಸಿರಾಟಗಳು ಎರಡೂ ಕಡೆ ಬೇರೆ ಬೇರೆ ಲೆಕ್ಕ ಹೇಳುವುದೇಕೆ? ಮಕ್ಕಳೂ ಪೋಷಕರೂ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ದೂರದ ಹಳ್ಳಿಗಳಿಂದ ದಿನವೂ ಸೈಕಲ್ ತುಳಿದು ಹೈಸ್ಕೂಲಿಗೆ ಬರುವ ಮಕ್ಕಳು ರಾಜ್ಯದ ಎಲ್ಲ ಕಡೆ ಕಾಣಸಿಗುತ್ತಾರೆ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಹಂಚಲು ಆರಂಭಿಸಿದ ಮೇಲಂತೂ ಹುಡುಗಿಯರ ಸೈಕಲ್ ಸಾಲುಗಳು ಹಳ್ಳಿಯ ರಸ್ತೆಗಳ ಸಾಮಾನ್ಯ ನೋಟವಾದವು. ಬೆನ್ನಿಗೆ ಪುಸ್ತಕದ ಚೀಲ, ಕ್ಯಾರಿಯರ್ ಮೇಲೆ ಕೆಲವೊಮ್ಮೆ ತಮ್ಮನೋ ತಂಗಿಯೋ. ದಾರಿಯುದ್ದಕ್ಕೂ ಮಾತು, ನಗು. ಶಾಲೆ ಮುಟ್ಟಿದಾಗ ಹಣೆಯ ಮೇಲೆ ನಾಲ್ಕು ಹನಿ ಬೆವರು ಬಿಟ್ಟರೆ ದಣಿವಿನ ಗುರುತೇ ಇರುವುದಿಲ್ಲ.

ಅದೇ ಮಕ್ಕಳನ್ನು ದೈಹಿಕ ಶಿಕ್ಷಣದ ಅವಧಿಯಲ್ಲಿ ಮೈದಾನದ ಸುತ್ತ ಓಡಿಸಿದರೆ ಚಿತ್ರವೇ ಬೇರೆ. ಮೊದಲ ಸುತ್ತು ಮುಗಿಯುವ ಮೊದಲೇ ಬಾಯಿ ತೆರೆದು ಉಸಿರಾಡಲು ಶುರು. ಎರಡನೇ ಸುತ್ತಿನಲ್ಲಿ ಎದೆ ಡವಡವ. ಕೆಲವರು ಪಕ್ಕೆ ಹಿಡಿದುಕೊಂಡು ನಿಂತೇಬಿಡುತ್ತಾರೆ. ಆಗ ಕೇಳಿಬರುವ ಮಾತುಗಳು ಮೂರು. ಮೇಷ್ಟ್ರು ‘ಸೋಮಾರಿ’ ಎನ್ನುತ್ತಾರೆ. ಗೆಳೆಯರು ‘ದಮ್ಮಿಲ್ಲ’ ಎಂದು ಛೇಡಿಸುತ್ತಾರೆ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ‘ಗುಂಡಿಗೆ ಗಟ್ಟಿಯಿಲ್ಲವೇನೋ’ ಎಂದು ಕಳವಳಪಡುತ್ತಾರೆ. ಈ ಮೂರರಲ್ಲಿ ಒಂದೂ ನಿಜವಿರಬೇಕಾಗಿಲ್ಲ. ಸೈಕಲ್ ತುಳಿಯುವುದು ಮತ್ತು ಓಡುವುದು ನೋಡಲು ಎರಡೂ ಕಾಲಿನ ಕೆಲಸವೇ ಆದರೂ, ದೇಹದ ಮಟ್ಟಿಗೆ ಅವು ಎರಡು ಬೇರೆ ಕಸುಬುಗಳು. ಒಂದರ ಅಳತೆಗೋಲು ಹಿಡಿದು ಇನ್ನೊಂದನ್ನು ಅಳೆಯಲಾಗದು.

ಪಂಪು ಮತ್ತು ತಿದಿ

ವ್ಯತ್ಯಾಸ ತಿಳಿಯಲು ಮೊದಲು ದೇಹದೊಳಗಿನ ಎರಡು ಯಂತ್ರಗಳ ಸಾಮಾನ್ಯ ಲೆಕ್ಕ ತಿಳಿಯಬೇಕು. ಹೃದಯ ಒಂದು ಪಂಪು. ಸುಮ್ಮನೆ ಕುಳಿತ ವಯಸ್ಕರಲ್ಲಿ ಅದು ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಹಲವರಲ್ಲಿ 70ರ ಆಸುಪಾಸು. ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಕ್ಕೆ ನೂಕುತ್ತದೆ. ಗುಣಿಸಿ ನೋಡಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್. ವಯಸ್ಕನ ಮೈಯಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ. ಅಂದರೆ ಪ್ರತಿ ನಿಮಿಷಕ್ಕೊಮ್ಮೆ ಅಷ್ಟೂ ರಕ್ತ ಒಂದು ಸುತ್ತು ಹಾಕಿ ಬರುತ್ತದೆ!

ಶ್ವಾಸಕೋಶ ಕಮ್ಮಾರನ ತಿದಿಯಂತೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 16 ಉಸಿರು, ಪ್ರತಿ ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ. ಅಂದರೆ ನಿಮಿಷಕ್ಕೆ 6ರಿಂದ 8 ಲೀಟರ್. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿದ್ದರೆ, ಹೊರಬರುವ ಉಸಿರಿನಲ್ಲಿ ಶೇಕಡಾ 16ರಷ್ಟು ಉಳಿದಿರುತ್ತದೆ. ನಡುವಿನ ವ್ಯತ್ಯಾಸವೇ ದೇಹ ಬಳಸಿಕೊಂಡ ಪಾಲು.

ಮೈ ದುಡಿಯತೊಡಗಿದರೆ ಈ ಅಂಕಿಗಳೆಲ್ಲ ಜಿಗಿಯುತ್ತವೆ. ತೀವ್ರ ವ್ಯಾಯಾಮದಲ್ಲಿ ಆರೋಗ್ಯವಂತ ತರುಣನ ಹೃದಯ ನಿಮಿಷಕ್ಕೆ 200ರ ಹತ್ತಿರ ಬಡಿದು 20 ಲೀಟರಿಗೂ ಹೆಚ್ಚು ರಕ್ತ ಪಂಪು ಮಾಡಬಲ್ಲುದು. ಶ್ವಾಸಕೋಶ ನಿಮಿಷಕ್ಕೆ 100 ಲೀಟರ್ ಗಾಳಿಯನ್ನು ಒಳಗೂ ಹೊರಗೂ ಆಡಿಸಬಲ್ಲುದು. ಸುಮ್ಮನಿದ್ದಾಗ ರಕ್ತದಲ್ಲಿ ಐದನೆಯ ಒಂದು ಪಾಲು ಮಾತ್ರ ಸ್ನಾಯುಗಳಿಗೆ ಹೋಗುತ್ತಿದ್ದರೆ, ತೀವ್ರ ವ್ಯಾಯಾಮದಲ್ಲಿ ಐದರಲ್ಲಿ ನಾಲ್ಕು ಪಾಲು ಅತ್ತಲೇ ತಿರುಗುತ್ತದೆ. ಹೊಟ್ಟೆ, ಕರುಳುಗಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಊಟವಾದ ಕೂಡಲೇ ಓಡಬೇಡಿ ಎಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ.

ಇಲ್ಲಿ ನೆನಪಿಡಬೇಕಾದ ಮಾತು ಒಂದು: ಹೃದಯಕ್ಕೂ ಶ್ವಾಸಕೋಶಕ್ಕೂ ಇದು ಓಟ, ಇದು ಸೈಕಲ್ ಎಂಬ ಭೇದ ತಿಳಿಯದು. ದುಡಿಯುತ್ತಿರುವ ಸ್ನಾಯುಗಳು ಎಷ್ಟು ಕೇಳುತ್ತವೋ ಅಷ್ಟನ್ನು ಒದಗಿಸುವುದಷ್ಟೇ ಅವುಗಳ ಕೆಲಸ. ಆದ್ದರಿಂದ ಬಡಿತದ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕಾದದ್ದು ಮೊದಲು ಕಾಲುಗಳಲ್ಲಿ, ಆಮೇಲೆ ಎದೆಯಲ್ಲಿ.

ಮೈಭಾರ ಹೊರುವವರು ಯಾರು?

ಸೈಕಲ್ ಮೇಲೆ ಕುಳಿತವರ ಭಾರವನ್ನು ಸೀಟು, ಹ್ಯಾಂಡಲ್, ಪೆಡಲ್ಲುಗಳು ಹಂಚಿಕೊಳ್ಳುತ್ತವೆ; ಕೊನೆಗೆ ಎರಡು ಚಕ್ರಗಳು ಹೊರುತ್ತವೆ. ಸವಾರನ ಕಾಲುಗಳಿಗೆ ಉಳಿಯುವ ಕೆಲಸ ಮುಂದಕ್ಕೆ ನೂಕುವುದು ಮಾತ್ರ. ಓಟಗಾರನಿಗೆ ಈ ಸೌಕರ್ಯವಿಲ್ಲ. ಪ್ರತಿ ಹೆಜ್ಜೆಗೂ ಅವನು ತನ್ನ ಇಡೀ ಮೈಯನ್ನು ಕೆಲವು ಸೆಂಟಿಮೀಟರ್ ಮೇಲಕ್ಕೆತ್ತಿ, ಮತ್ತೆ ಇಳಿಸಿ, ಇಳಿದ ಪೆಟ್ಟನ್ನು ತಡೆದುಕೊಂಡು, ಪುನಃ ಎತ್ತಬೇಕು. ಪಾದ ನೆಲಕ್ಕೆ ಬಡಿದಾಗ ಅದರ ಮೇಲೆ ಬೀಳುವ ಬಲ ದೇಹತೂಕದ ಎರಡು, ಮೂರು ಪಟ್ಟು. ನಿಮಿಷಕ್ಕೆ 150ರಿಂದ 180 ಹೆಜ್ಜೆಗಳಂತೆ ಇದು ನಡೆದೇ ಇರುತ್ತದೆ. ಕಾಲುಗಳ ಜೊತೆಗೆ ಸೊಂಟ, ಬೆನ್ನು, ಹೊಟ್ಟೆಯ ಸ್ನಾಯುಗಳು ಮೈಯನ್ನು ನೆಟ್ಟಗೆ ಹಿಡಿಯಬೇಕು, ತೋಳುಗಳು ಬೀಸಬೇಕು. ದುಡಿಯುವ ಕೈಗಳು ಹೆಚ್ಚಾದಷ್ಟೂ ಕೂಲಿ ಹೆಚ್ಚು ತಾನೆ? ಹಾಗೆಯೇ ದುಡಿಯುವ ಸ್ನಾಯುಗಳು ಹೆಚ್ಚಾದಷ್ಟೂ ಆಮ್ಲಜನಕದ ಬೇಡಿಕೆ ಹೆಚ್ಚು.

ಲೆಕ್ಕ ಹಾಕಿ ನೋಡೋಣ. ಓಟದಲ್ಲಿ ಖರ್ಚಾಗುವ ಶಕ್ತಿ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ. 50 ಕಿಲೋ ತೂಕದ ವಿದ್ಯಾರ್ಥಿ 6 ಕಿಲೋಮೀಟರ್ ಓಡಿದರೆ ಸುಮಾರು 300 ಕಿಲೋಕ್ಯಾಲೊರಿ. ಅದೇ ದೂರವನ್ನು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸೈಕಲ್ ಮೇಲೆ ಕ್ರಮಿಸಿದರೆ ಖರ್ಚು ಅದರ ಮೂರನೆಯ ಒಂದರಷ್ಟು, ಅಂದರೆ ಸುಮಾರು 100. ಸೈಕಲ್ಲಿಗೆ ಹಿಡಿಯುವ ಸಮಯ 24 ನಿಮಿಷ. ಗಂಟೆಗೆ 8 ಕಿಲೋಮೀಟರಿನಂತೆ ನಿಧಾನವಾಗಿ ಓಡಿದರೂ 45 ನಿಮಿಷ. ನಿಮಿಷದ ಲೆಕ್ಕಕ್ಕೆ ಇಳಿಸಿದರೆ ಸೈಕಲ್ಲಿಗೆ 4, ಓಟಕ್ಕೆ 6.5ಕ್ಕೂ ಹೆಚ್ಚು. ಅರ್ಧ ವೇಗದಲ್ಲಿ ಹೋದರೂ ಓಟದ ಖರ್ಚೇ ಜಾಸ್ತಿ! ಎದೆಬಡಿತ ಏರುವುದು ಈ ನಿಮಿಷದ ಖರ್ಚಿಗೆ ತಕ್ಕಂತೆ.

ಇನ್ನೂ ಒಂದು ಸೂಕ್ಷ್ಮವಿದೆ. ಸೈಕಲ್ ಸವಾರ ದಣಿದಾಗ ಪೆಡಲ್ ನಿಲ್ಲಿಸಿದರೂ ಸೈಕಲ್ ಸ್ವಲ್ಪ ದೂರ ತಾನಾಗಿ ಉರುಳುತ್ತದೆ. ಇಳಿಜಾರಿನಲ್ಲಂತೂ ಪುಕ್ಕಟೆ ಪ್ರಯಾಣ. ಆ ಅರ್ಧ ನಿಮಿಷದಲ್ಲಿ ಹೃದಯ ಸುಧಾರಿಸಿಕೊಳ್ಳುತ್ತದೆ. ಓಟದಲ್ಲಿ ಕಾಲು ನಿಂತರೆ ಓಟವೇ ನಿಂತಿತು. ತೀರಾ ನಿಧಾನ ಮಾಡಿದರೆ ಅದು ನಡಿಗೆಯಾಗುತ್ತದೆ. ಸೈಕಲ್ಲನ್ನು ಎಷ್ಟು ಹಗುರವಾಗಿ ಬೇಕಾದರೂ ತುಳಿಯಬಹುದು. ಓಟಕ್ಕೆ ಮಾತ್ರ ಒಂದು ಕನಿಷ್ಠ ಬೆಲೆ ತೆರಲೇಬೇಕು. ಅಭ್ಯಾಸವಿಲ್ಲದ ಮಗುವಿಗೆ ಆ ಕನಿಷ್ಠ ಬೆಲೆಯೇ ಭಾರವಾಗುತ್ತದೆ.

ಸ್ಟಾಕ್‌ಹೋಮಿನ ಅಳತೆಗಳು

ಈ ವಿಷಯ ವಿಜ್ಞಾನಿಗಳನ್ನು ನೂರು ವರ್ಷಕ್ಕೂ ಹಿಂದಿನಿಂದ ಕಾಡಿದೆ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್, ಮುಂದೆ 1920ರಲ್ಲಿ ನೊಬೆಲ್ ಬಹುಮಾನ ಪಡೆದವರು, 1913ರ ಸುಮಾರಿನಲ್ಲಿ ಒಂದೇ ಕಡೆ ನಿಂತ ಸೈಕಲ್ ಯಂತ್ರವೊಂದನ್ನು ರೂಪಿಸಿದರು. ಸವಾರ ಎಷ್ಟು ಕೆಲಸ ಮಾಡಿದ ಎಂಬುದನ್ನು ಅದರಿಂದ ಕರಾರುವಾಕ್ಕಾಗಿ ಅಳೆಯಬಹುದಾಗಿತ್ತು. ಬ್ರಿಟನ್ನಿನ ಎ.ವಿ. ಹಿಲ್, 1922ರ ನೊಬೆಲ್ ವಿಜೇತರು, ಓಟವನ್ನು ಆರಿಸಿಕೊಂಡರು. ಬೆನ್ನಿಗೆ ದೊಡ್ಡ ಗಾಳಿಚೀಲ ಕಟ್ಟಿಕೊಂಡು ಹುಲ್ಲಿನ ಅಂಕಣದಲ್ಲಿ ಸ್ವತಃ ಓಡಿ, ಬಿಟ್ಟ ಉಸಿರನ್ನೆಲ್ಲ ಆ ಚೀಲದಲ್ಲಿ ಹಿಡಿದು ಪರೀಕ್ಷಿಸಿದರು. ವೇಗ ಹೆಚ್ಚಿಸುತ್ತ ಹೋದರೂ ದೇಹ ಬಳಸುವ ಆಮ್ಲಜನಕ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂಬ ತಿಳಿವಳಿಕೆ ಬೆಳೆದದ್ದು ಇಂಥ ಪ್ರಯೋಗಗಳಿಂದ.

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪರ್-ಓಲೋಫ್ ಆಸ್ಟ್ರಾಂಡ್ ಮತ್ತು ಬೆಂಗ್ಟ್ ಸಾಲ್ಟಿನ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. 1961ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅದೇ ವ್ಯಕ್ತಿಗಳು ಸೈಕಲ್ ತುಳಿದರು, ಓಡಿದರು, ಈಜಿದರು, ಹಿಮದ ಮೇಲೆ ಸ್ಕೀಯಿಂಗ್ ಮಾಡಿದರು, ಕೈಗಳಿಂದ ಮಾತ್ರ ಪೆಡಲ್ ತಿರುಗಿಸಿದರು. ಪ್ರತಿಯೊಂದರಲ್ಲೂ ಮೈಯೆಲ್ಲ ಶಕ್ತಿ ಬಿಟ್ಟು ದುಡಿದಾಗ ಬಳಕೆಯಾದ ಆಮ್ಲಜನಕವೆಷ್ಟು, ಹೃದಯ ಬಡಿದದ್ದೆಷ್ಟು ಎಂದು ದಾಖಲಾಯಿತು. ಓಟ ಮತ್ತು ಸ್ಕೀಯಿಂಗ್ ಮೇಲ್ಮಟ್ಟದಲ್ಲಿ ನಿಂತವು. ಸೈಕಲ್ ಸ್ವಲ್ಪ ಕೆಳಗೆ. ಕೈಗಳ ಕೆಲಸ ಬಹಳ ಕೆಳಗೆ.

ಅಲ್ಲಿಂದಾಚೆಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳೂ ಇದೇ ದಿಕ್ಕಿಗೆ ಬೆರಳು ತೋರಿಸಿವೆ. ಸೈಕಲ್ಲಿನ ವಿಶೇಷ ಅಭ್ಯಾಸವಿಲ್ಲದವರು ತಮ್ಮ ಶಕ್ತಿಯ ಕೊನೆಯ ಮಿತಿಯವರೆಗೆ ತುಳಿದರೂ, ಅವರು ಬಳಸುವ ಆಮ್ಲಜನಕ ಓಟದಲ್ಲಿ ಬಳಸುವುದಕ್ಕಿಂತ ಶೇಕಡಾ 5ರಿಂದ 10ರಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು, ಕಡಿಮೆ ಇರುತ್ತದೆ. ಗರಿಷ್ಠ ಎದೆಬಡಿತವೂ ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 10ರಷ್ಟು ಕೆಳಗೇ ನಿಲ್ಲುತ್ತದೆ. ಓಟದಲ್ಲಿ 198 ಮುಟ್ಟುವ ಹುಡುಗನೊಬ್ಬ ಸೈಕಲ್ ಮೇಲೆ 190 ದಾಟದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ತೊಡೆ ಮೊದಲು ಸೋಲುತ್ತದೆ

ಸೈಕಲ್ ಮೇಲೆ ಹೃದಯ ತನ್ನ ತುದಿ ಮುಟ್ಟದಿರಲು ಕಾರಣ ಸರಳ. ಪೆಡಲ್ ತುಳಿಯುವುದರಲ್ಲಿ ದೊಡ್ಡ ಪಾಲು ತೊಡೆಯ ಮುಂಭಾಗದ ಸ್ನಾಯುಗಳದ್ದು. ಪೃಷ್ಠದ ಸ್ನಾಯುಗಳು ನೆರವಾಗುತ್ತವೆ. ಕೆಲಸ ಕೆಲವೇ ಸ್ನಾಯುಗಳ ಮೇಲೆ ಬೀಳುವುದರಿಂದ ಹೃದಯ ಇನ್ನೂ ಕೊಡಲು ಸಿದ್ಧವಿರುವಾಗಲೇ ತೊಡೆಗಳು ಉರಿಯತೊಡಗಿ ಕೈಚೆಲ್ಲುತ್ತವೆ. ಭಾರವಾದ ಗೇರಿನಲ್ಲಿ ನಿಧಾನವಾಗಿ ಒತ್ತಿ ತುಳಿದರೆ, ಬಿಗಿದ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನೇ ಹಿಂಡಿ ರಕ್ತದ ಹರಿವಿಗೆ ಅಡ್ಡಿ ಮಾಡುತ್ತದೆ. ಓಟದಲ್ಲಿ ಹೊರೆ ಹಲವು ಸ್ನಾಯುಗಳಿಗೆ ಹಂಚಿಹೋಗಿರುತ್ತದೆ. ಎಲ್ಲವೂ ಒಟ್ಟಿಗೆ ರಕ್ತ ಬೇಡುತ್ತವೆ. ಅಲ್ಲಿ ಮೊದಲು ಮಿತಿ ಮುಟ್ಟುವುದು ಹೆಚ್ಚಾಗಿ ಪಂಪು. ಸೈಕಲ್ ಸವಾರ ‘ಕಾಲು ಸೋತಿತು’ ಎಂದರೆ, ಓಟಗಾರ ‘ಉಸಿರು ಕಟ್ಟಿತು’ ಎನ್ನುವುದರ ಗುಟ್ಟು ಇದೇ.

ವರ್ಷಗಟ್ಟಲೆ ಸೈಕಲ್ಲನ್ನೇ ನಂಬಿದವರಲ್ಲಿ ಈ ಅಂತರ ಕಿರಿದಾಗುತ್ತದೆ. ವಿಜಯಪುರ, ಬಾಗಲಕೋಟೆ ಸೀಮೆ ಸೈಕ್ಲಿಸ್ಟರಿಗೆ ಹೆಸರುವಾಸಿ. ಅಂಥ ಪಳಗಿದ ಸವಾರರ ತೊಡೆಗಳು ಬೇಗ ಸೋಲುವುದಿಲ್ಲವಾದ್ದರಿಂದ, ಅವರು ಸೈಕಲ್ ಮೇಲೆಯೇ ಹೃದಯವನ್ನು ತುದಿಯ ಹತ್ತಿರ ಒಯ್ಯಬಲ್ಲರು. ದೀರ್ಘಕಾಲದ ಅಭ್ಯಾಸ ಹೃದಯದ ಸ್ವರೂಪವನ್ನೂ ಬದಲಿಸುತ್ತದೆ. ಕೋಣೆಗಳು ಹಿಗ್ಗಿ, ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ಹೊರಡುತ್ತದೆ. ಹಾಗಾಗಿ ವಿಶ್ರಾಂತಿಯಲ್ಲಿ ಕಡಿಮೆ ಬಡಿದರೂ ಸಾಕು. 1991ರಿಂದ 1995ರವರೆಗೆ ಸತತ ಐದು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದ ಸ್ಪೇನಿನ ಮಿಗುಯೆಲ್ ಇಂಡುರೈನ್ ಅವರ ವಿಶ್ರಾಂತಿಯ ನಾಡಿಬಡಿತ ನಿಮಿಷಕ್ಕೆ 28 ಎಂದು ಆಗ ವರದಿಯಾಗಿತ್ತು!

ಉಸಿರಿನ ತಾಳ

ಎದೆಬಡಿತದಂತೆ ಉಸಿರಾಟದಲ್ಲೂ ವ್ಯತ್ಯಾಸವಿದೆ. ಓಡುವ ಕುದುರೆಯನ್ನು ಗಮನಿಸಿದವರಿಗೆ ಇದು ಗೊತ್ತು: ನಾಗಾಲೋಟದಲ್ಲಿ ಅದು ಒಂದು ಜಿಗಿತಕ್ಕೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಮುಂಗಾಲು ನೆಲಕ್ಕೆ ಬಡಿದಾಗ ಎದೆಗೂಡು ಒತ್ತಲ್ಪಡುತ್ತದೆ. ಉಸಿರಿಗೂ ಹೆಜ್ಜೆಗೂ ಬಿಡಿಸಲಾಗದ ಗಂಟು. ಮನುಷ್ಯ ಎರಡೇ ಕಾಲಲ್ಲಿ ಓಡುವುದರಿಂದ ಅವನಿಗೆ ಹೆಚ್ಚಿನ ಸ್ವಾತಂತ್ರ್ಯ. ಅಮೆರಿಕದ ಡೆನ್ನಿಸ್ ಬ್ರಾಂಬಲ್ ಮತ್ತು ಡೇವಿಡ್ ಕ್ಯಾರಿಯರ್ 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಓಟಗಾರರು ತಮಗರಿವಿಲ್ಲದೆಯೇ ಉಸಿರನ್ನು ಹೆಜ್ಜೆಯ ಲಯಕ್ಕೆ ಹೊಂದಿಸಿಕೊಳ್ಳುತ್ತಾರೆ. ಆದರೆ ಲಯಗಳು ಹಲವು. ಎಡ, ಬಲ ಎರಡೂ ಹೆಜ್ಜೆ ಸೇರಿದ್ದನ್ನು ಒಂದು ಜೋಡಿ ಎಂದುಕೊಂಡರೆ, ಎರಡು ಜೋಡಿಗೆ ಒಂದು ಉಸಿರು ಎಂಬ ಲಯವನ್ನೇ ಹೆಚ್ಚಿನವರು ಮೆಚ್ಚುತ್ತಾರೆ. ಹೊಸಬರಲ್ಲಿ ಈ ತಾಳ ಕೂಡಿಬಂದಿರುವುದಿಲ್ಲ. ಮೊದಲ ಸುತ್ತಿನಲ್ಲೇ ಉಸಿರು ಚೆಲ್ಲಾಪಿಲ್ಲಿಯಾಗುತ್ತದೆ.

ಸೈಕಲ್ ಮೇಲೆ ಈ ಕಟ್ಟುಪಾಡು ಸಡಿಲ. ಸೊಂಟದ ಮೇಲಿನ ಭಾಗ ಹೆಚ್ಚು ಕುಲುಕುವುದಿಲ್ಲ. ಹೊಟ್ಟೆಯೊಳಗಿನ ಅಂಗಗಳು ಮೇಲೆ ಕೆಳಗೆ ಜಿಗಿದು, ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಜಗ್ಗುವುದಿಲ್ಲ. ಉಸಿರು ತನ್ನ ಪಾಡಿಗೆ ನಡೆಯುತ್ತದೆ. ಓಟಗಾರರನ್ನು ಕಾಡುವ ಪಕ್ಕೆನೋವು ಸೈಕಲ್ ಸವಾರರಲ್ಲಿ ಅಷ್ಟಾಗಿ ಕಾಣದು. ಹೊಟ್ಟೆ ತುಂಬ ತಿಂದು ಓಡಿದರೆ ಆ ನೋವು ಇನ್ನೂ ಹೆಚ್ಚು. ಆದರೆ ಸ್ಪರ್ಧೆಯ ಸೈಕಲ್ ಮೇಲೆ ಬಗ್ಗಿ ಹೊಟ್ಟೆಯನ್ನು ಮಡಚಿಕೊಂಡರೆ ವಪೆ ಕೆಳಗಿಳಿಯಲು ಜಾಗ ಸಾಲದೆ, ಆಳವಾದ ಉಸಿರು ಕಷ್ಟವಾಗುವುದುಂಟು. ಮನೆಯ ಸಾದಾ ಸೈಕಲ್ ಮೇಲೆ ನೆಟ್ಟಗೆ ಕುಳಿತವರಿಗೆ ಆ ತೊಂದರೆಯಿಲ್ಲ.

ಏದುಸಿರಿಗೆ ಕಾರಣವೇನು?

‘ಆಮ್ಲಜನಕ ಸಾಲದೆ ಏದುಸಿರು ಬರುತ್ತದೆ’ ಎಂದು ಹಲವರ ನಂಬಿಕೆ. ಆರೋಗ್ಯವಂತರು ಓಡುವಾಗಲೂ ಅಪಧಮನಿಯ ರಕ್ತದಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕುಸಿಯುವುದಿಲ್ಲ. ತಿದಿಯನ್ನು ಬಲವಾಗಿ ಒತ್ತಿಸುವುದು ಇಂಗಾಲದ ಡೈಆಕ್ಸೈಡ್. ಇಂಗ್ಲೆಂಡಿನ ಜೆ.ಎಸ್. ಹಾಲ್ಡೇನ್ ಮತ್ತು ಜೆ.ಜಿ. ಪ್ರೀಸ್ಟ್ಲಿ 1905ರಲ್ಲೇ ಇದರ ಮಹತ್ವವನ್ನು ತೋರಿಸಿಕೊಟ್ಟರು. ಸ್ನಾಯುಗಳು ದುಡಿದಷ್ಟೂ ಈ ಅನಿಲ ರಕ್ತಕ್ಕೆ ಸೇರುತ್ತದೆ. ಕೆಲಸ ತೀವ್ರವಾದಾಗ ರಕ್ತದ ಆಮ್ಲೀಯತೆಯೂ ಏರುತ್ತದೆ. ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಅದನ್ನು ಗ್ರಹಿಸಿ ‘ಬೇಗ ಬೇಗ ಹೊರಹಾಕು’ ಎಂದು ಆಜ್ಞೆ ಕೊಡುತ್ತದೆ. ಏದುಸಿರು ಎಂದರೆ ಕಸ ಗುಡಿಸುವ ಕೆಲಸ ಜೋರಾಗಿ ನಡೆದಿದೆ ಎಂದರ್ಥ.

ಇನ್ನೊಂದು ಸೋಜಿಗವಿದೆ. ಓಟ ಆರಂಭವಾದ ಮೊದಲ ಕೆಲವು ಕ್ಷಣಗಳಲ್ಲೇ, ಅನಿಲ ಮೆದುಳಿಗೆ ಮುಟ್ಟುವ ಮೊದಲೇ, ಉಸಿರೂ ಬಡಿತವೂ ಏರುತ್ತವೆ. ಇದನ್ನು ಕ್ರೋಗ್ ಮತ್ತು ಅವರ ಸಹೋದ್ಯೋಗಿ ಯೋಹಾನೆಸ್ ಲಿಂಡ್‌ಹಾರ್ಡ್ 1913ರಲ್ಲಿ ಸೈಕಲ್ ಯಂತ್ರದ ನೆರವಿನಿಂದಲೇ ದಾಖಲಿಸಿದ್ದರು. ಮೆದುಳು ಕಾಲಿಗೆ ‘ಓಡು’ ಎನ್ನುವಾಗಲೇ ಹೃದಯಕ್ಕೂ ಶ್ವಾಸಕೋಶಕ್ಕೂ ಮುನ್ಸೂಚನೆ ಕಳಿಸುತ್ತದೆ. ಹೃದಯದಲ್ಲಿ ಬಡಿತ ಹುಟ್ಟುವ ಕೇಂದ್ರ ತನ್ನ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುವಂಥದ್ದು. ವಿಶ್ರಾಂತಿಯಲ್ಲಿ ವೇಗಸ್ ನರ ಅದಕ್ಕೆ ಲಗಾಮು ಹಾಕಿರುತ್ತದೆ. ಮೈ ಕದಲಿದ ಕೂಡಲೇ ಲಗಾಮು ಸಡಿಲ. ಆಮೇಲೆ ಅಡ್ರಿನಲಿನ್ ಚಾಟಿ ಬೀಸುತ್ತದೆ. ಪಂದ್ಯದ ಗೆರೆಯ ಮೇಲೆ ನಿಂತವರ ಎದೆ, ಸೀಟಿ ಊದುವ ಮೊದಲೇ ಡವಗುಟ್ಟುವುದೂ ಇದರಿಂದಲೇ.

ಸೈಕಲ್ಲೂ ಸುಲಭವಲ್ಲದಾಗ

ಇಷ್ಟೆಲ್ಲ ಕೇಳಿ ಸೈಕಲ್ ಎಂದರೆ ಆರಾಮ ಎಂದುಕೊಳ್ಳಬೇಕಾಗಿಲ್ಲ. ನಂದಿ ಬೆಟ್ಟದ ಏರನ್ನು ತುಳಿದು ಹತ್ತಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಏರಿನಲ್ಲಿ ಮೈಭಾರದ ಜೊತೆಗೆ ಸೈಕಲ್ಲಿನ ಭಾರವನ್ನೂ ಎತ್ತಬೇಕು. ಸಮತಟ್ಟಿನಲ್ಲಿ ಶತ್ರು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು! ಗಂಟೆಗೆ 15 ಕಿಲೋಮೀಟರಿನಲ್ಲಿ ಹಾಡಿಕೊಂಡು ಹೋಗುವ ಹುಡುಗ 30ಕ್ಕೆ ಏರಿಸಿದರೆ ಮಾತು ನಿಂತುಹೋಗುತ್ತದೆ.

ಬಿಸಿಲಿನ ಪಾತ್ರವೂ ದೊಡ್ಡದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮೈ ತಂಪಾಗಿಸಲು ರಕ್ತದ ಒಂದು ಪಾಲು ಚರ್ಮಕ್ಕೆ ಹರಿಯಬೇಕು. ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೂ ತಗ್ಗುತ್ತದೆ. ಅಷ್ಟೇ ವೇಗದ ಓಟಕ್ಕೆ ಜನವರಿಗಿಂತ ಹೆಚ್ಚು ಬಡಿತ ಬೇಕಾಗುತ್ತದೆ. ಸೈಕಲ್ ಸವಾರನಿಗೆ ವೇಗದಿಂದಲೇ ಗಾಳಿ ಬೀಸುತ್ತದೆ. ಓಟಗಾರನಿಗೆ ಆ ಬೀಸಣಿಗೆ ಚಿಕ್ಕದು.

ಅಲ್ಲಿನ ದುಡಿಮೆ ಇಲ್ಲಿಗೆ ಸಲ್ಲುವುದೆ?

ಸೇನೆ, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗಳಲ್ಲಿ 1,600 ಮೀಟರ್ ಓಟ ಸಾಮಾನ್ಯ. ದಿನಕ್ಕೆ 15, 20 ಕಿಲೋಮೀಟರ್ ಸೈಕಲ್ ತುಳಿಯುವ ತರುಣರು ‘ದಮ್ಮು ಸಾಕಷ್ಟಿದೆ’ ಎಂದು ನಂಬಿ, ಓಟದ ತಯಾರಿಯಿಲ್ಲದೆ ಹೋಗಿ, ಮೂರನೇ ಸುತ್ತಿನಲ್ಲಿ ಕುಸಿಯುವುದುಂಟು. ವರ್ಷದ ಕನಸು ಕೆಲವು ಸೆಕೆಂಡುಗಳಲ್ಲಿ ಕೈತಪ್ಪುತ್ತದೆ.

ಸೈಕಲ್ಲಿನಿಂದ ಬಂದ ಲಾಭ ಸುಳ್ಳಲ್ಲ. ಬಲಿಷ್ಠವಾದ ಹೃದಯ ಓಟದಲ್ಲೂ ನೆರವಾಗುತ್ತದೆ. ಆದರೆ ಸ್ನಾಯುಗಳು ತಾವು ಕಲಿತ ಕೆಲಸವನ್ನೇ ಚೆನ್ನಾಗಿ ಮಾಡುತ್ತವೆ. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಬಲ ಕೊಡುತ್ತದೆ. ಓಟದಲ್ಲಿ ಪಾದ ಊರಿದ ಕ್ಷಣ ಅದೇ ಸ್ನಾಯು ಹಿಗ್ಗುತ್ತಾ ಪೆಟ್ಟು ತಡೆಯಬೇಕು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ರಬ್ಬರಿನಂತೆ ಎಳೆದು ಬಿಟ್ಟು ಪುಟಿಸಬೇಕು. ಇದನ್ನು ಸೈಕಲ್ ಕಲಿಸುವುದಿಲ್ಲ. ಹೊಸದಾಗಿ ಓಡಿದ ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ನೋಯುವುದು ಈ ಹಿಗ್ಗುವ ದುಡಿಮೆಯಿಂದ.

ಆದ್ದರಿಂದ ಓಟಕ್ಕೆ ಓಟದಿಂದಲೇ ತಯಾರಿ. ಮೊದಲ ವಾರಗಳಲ್ಲಿ ಒಂದೆರಡು ನಿಮಿಷ ಓಡಿ, ಅಷ್ಟೇ ಹೊತ್ತು ನಡೆದು, ಮತ್ತೆ ಓಡುವುದು ಒಳ್ಳೆಯದು. ಓಡುತ್ತಲೇ ಪಕ್ಕದವರೊಡನೆ ಒಂದು ವಾಕ್ಯ ಪೂರ್ತಿ ಮಾತಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ ಎಂದು ತಿಳಿಯಬಹುದು. ನಡುನಡುವೆ ಸೈಕಲ್ ದಿನಗಳನ್ನು ಇಟ್ಟುಕೊಂಡರೆ ಮೊಣಕಾಲು, ಮೊಣಗಂಟುಗಳಿಗೆ ಪೆಟ್ಟಿಲ್ಲದೆ ಹೃದಯಕ್ಕೆ ವ್ಯಾಯಾಮ ಸಿಗುತ್ತದೆ.

ಪೋಷಕರ ಗಮನಕ್ಕೆ

ಮಕ್ಕಳ ಕೈಗೆ ಈಗ ಬಡಿತ ತೋರಿಸುವ ಗಡಿಯಾರಗಳು ಬಂದಿವೆ. ಅವು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ಅಳೆಯುತ್ತವೆ. ಕೈ ಜೋರಾಗಿ ಬೀಸಿದಾಗ, ಪಟ್ಟಿ ಸಡಿಲವಾದಾಗ ತಪ್ಪು ಅಂಕಿ ತೋರಿಸುವುದುಂಟು. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ಎಂಬ ಸೂತ್ರ ದೊಡ್ಡವರಿಗೇ ಸ್ಥೂಲ ಅಂದಾಜು. ಮಕ್ಕಳಿಗೆ ಅದು ಹೊಂದುವುದಿಲ್ಲ. ಹರೆಯ ಮುಗಿಯುವವರೆಗೂ ಅವರ ಗರಿಷ್ಠ ಬಡಿತ ಸುಮಾರು 200ರ ಆಸುಪಾಸಿನಲ್ಲೇ ಇರುತ್ತದೆ. ಓಡಿದ ಮಗುವಿನ ನಾಡಿ 190 ತೋರಿಸಿತೆಂದು ಹೌಹಾರಬೇಕಾಗಿಲ್ಲ. ನಿಂತ ಮೇಲೆ ಅದು ಬೇಗ ಇಳಿಯುತ್ತಿದ್ದರೆ ಹೃದಯ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ.

ಹಾಗೆಂದು ಎಲ್ಲ ಏದುಸಿರನ್ನೂ ‘ಅಭ್ಯಾಸವಿಲ್ಲ’ ಎಂದು ತಳ್ಳಿಹಾಕುವುದೂ ತಪ್ಪು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾದರೆ, ಅಷ್ಟೇ ಆಮ್ಲಜನಕ ಮುಟ್ಟಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ಅಂಥ ಹುಡುಗಿ ಸಮತಟ್ಟಿನ ರಸ್ತೆಯಲ್ಲಿ ಸೈಕಲ್ ಮೇಲೆ ಹೇಗೋ ಸಾಗಿಸಿಕೊಂಡು ಬರುತ್ತಾಳೆ. ಬೇಡಿಕೆ ಹೆಚ್ಚಿರುವ ಓಟದಲ್ಲಿ ಕೊರತೆ ಹೊರಬೀಳುತ್ತದೆ. ಅವಳಿಗೆ ‘ಸೋಮಾರಿ’ ಎಂಬ ಪಟ್ಟ! ಬೇಕಾದದ್ದು ಬೈಗುಳವಲ್ಲ, ಒಂದು ರಕ್ತಪರೀಕ್ಷೆ ಮತ್ತು ವೈದ್ಯರು ಹೇಳಿದಂತೆ ಕಬ್ಬಿಣಾಂಶ. ಓಡಿ ನಿಂತ ಮೇಲೆ ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಅದು ಆಸ್ತಮಾ ಇರಬಹುದು, ಅದಕ್ಕೂ ಚಿಕಿತ್ಸೆಯಿದೆ.

ಇನ್ನು ಕೆಲವು ಲಕ್ಷಣಗಳಿಗೆ ತಡಮಾಡದೆ ವೈದ್ಯರನ್ನು ಕಾಣಲೇಬೇಕು: ಓಡುತ್ತಿರುವಾಗ ಅಥವಾ ಸೈಕಲ್ ತುಳಿಯುವಾಗ ಪ್ರಜ್ಞೆ ತಪ್ಪುವುದು, ಎದೆನೋವು, ಬಡಿತ ತಾಳ ತಪ್ಪಿದಂತಾಗುವುದು, ಜೊತೆಯವರಿಗಿಂತ ತೀರಾ ಹೆಚ್ಚಾಗಿ ಉಸಿರುಕಟ್ಟುವುದು. ಮನೆತನದಲ್ಲಿ ಯಾರಾದರೂ 50 ವರ್ಷದೊಳಗೆ ಹೃದಯದ ಕಾರಣದಿಂದ ಹಠಾತ್ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಇಂಥ ಲಕ್ಷಣವಿಲ್ಲದ ಮಗುವಿಗೆ ಎದೆ ಡವಗುಟ್ಟುವುದು ಅಂಜಬೇಕಾದ ಸಂಗತಿಯಲ್ಲ. ಅದು ದೇಹ ಬೇಡಿಕೆಗೆ ಓಗೊಡುತ್ತಿರುವ ಸದ್ದು.

ಮಾಡಿ ನೋಡಿ

ಬೇಕಾದವು: ಸೆಕೆಂಡಿನ ಮುಳ್ಳಿರುವ ಗಡಿಯಾರ, ಸೈಕಲ್, ನೋಟ್ ಪುಸ್ತಕ, ಒಬ್ಬ ಜೊತೆಗಾರ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು.

1. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು ನಾಡಿ ಎಣಿಸಿ. ಹೆಬ್ಬೆರಳಿನಿಂದ ಎಣಿಸಬೇಡಿ, ಅದರದೇ ಮಿಡಿತ ಸೇರಿ ಲೆಕ್ಕ ತಪ್ಪುತ್ತದೆ.

2. ಊಟವಾಗಿ ಎರಡು ಗಂಟೆ ಕಳೆದ ಮೇಲೆ, ತಂಪು ಹೊತ್ತಿನಲ್ಲಿ, ಸಮತಟ್ಟಾದ ಸುರಕ್ಷಿತ ಜಾಗದಲ್ಲಿ 10 ನಿಮಿಷ ಎಂದಿನ ವೇಗದಲ್ಲಿ ಸೈಕಲ್ ತುಳಿಯಿರಿ. ನಿಂತ ಕೂಡಲೇ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ತಡಮಾಡಿದರೆ ಬಡಿತ ಇಳಿದುಬಿಡುತ್ತದೆ. ಜೊತೆಗಾರ ಅದೇ ಹೊತ್ತಿಗೆ ಉಸಿರು ಎಣಿಸಲಿ.

3. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ, ಎಷ್ಟು ಇಳಿಯಿತು ಎಂದು ಬರೆದಿಡಿ.

4. ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ 10 ನಿಮಿಷ ನಿಧಾನವಾಗಿ ಓಡಿ ಹಾಗೆಯೇ ಎಣಿಸಿ. ದಣಿದರೆ ನಡುವೆ ನಡೆಯಿರಿ, ಅದನ್ನೂ ಬರೆದುಕೊಳ್ಳಿ.

5. ವಾರಕ್ಕೊಮ್ಮೆ ಇದನ್ನು ಎರಡು ತಿಂಗಳು ಮಾಡಿ. ಸೈಕಲ್ಲಿನ ಅಂಕಿಯನ್ನು ಹಿಂದಿನ ವಾರದ ಸೈಕಲ್ಲಿನ ಅಂಕಿಯೊಡನೆ, ಓಟದ ಅಂಕಿಯನ್ನು ಹಿಂದಿನ ಓಟದೊಡನೆ ಹೋಲಿಸಿ. ಪಕ್ಕದ ಮನೆಯ ಹುಡುಗನ ಅಂಕಿಯೊಡನೆ ಹೋಲಿಕೆ ಬೇಡ. ಅಷ್ಟೇ ವೇಗಕ್ಕೆ ಬಡಿತ ಕಡಿಮೆಯಾಗುತ್ತಿದ್ದರೆ, ನಿಂತ ಮೇಲೆ ಬೇಗ ಇಳಿಯುತ್ತಿದ್ದರೆ, ಅಭ್ಯಾಸ ಫಲ ಕೊಡುತ್ತಿದೆ.